ಕೆನ್ನೆಯೊಳಗೆ ಉಳಿದ ಪಟ್ಟಾ

ಆಕೆ ಮೊದಲ ಸಲ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಆಕೆಯ ಗಂಡನನ್ನು ಕೋಣೆಯಿಂದ ಹೊರಗೆ ಕಳಿಸಿದ್ದು. ಮುಖದ ಮೇಲೆ ಗಾಯದ ಕಲೆ ಇರುವ ಹೆಂಗಸು ಬಂದರೆ, ಜೊತೆಗಿರುವ ಗಂಡಸು ಎಷ್ಟೇ ಸಂಭಾವಿತನಂತೆ ಕಂಡರೂ, ಐದು ನಿಮಿಷ ಆಕೆಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡಬೇಕು. ಇದು ನಾನು ನನಗೇ ಹಾಕಿಕೊಂಡ ನಿಯಮ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪುಣೆಯಿಂದ ಅಹ್ಮದ್‌ನಗರಕ್ಕೆ ಹೋಗುವ ರಸ್ತೆಯ ಮೇಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಚರ್ಮವೈದ್ಯೆ. ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಗಜಕರ್ಣ, ತುರಿಕಜ್ಜಿ, ಮೊಡವೆ. ಊಟದ ನಂತರ ಲೇಸರ್.

ಆಕೆಗೆ ಮೂವತ್ತೊಂದು ವರ್ಷ. ಅದೇ ರಸ್ತೆಯಲ್ಲಿ ಮುಂದಿರುವ ಶಿರೂರಿನವಳು. ಎಡಗೆನ್ನೆಯ ಮೂಳೆಯಿಂದ ಬಾಯಿಯ ಮೂಲೆಯವರೆಗೆ ನಾಲ್ಕು ಬೆರಳುದ್ದದ ಕಲೆ. ನಡುವೆ ತಗ್ಗು, ಎರಡು ಅಂಚು ಉಬ್ಬು. ದಪ್ಪ ದಾರದಲ್ಲಿ ಅವಸರವಾಗಿ ಹೊಲಿದಿದ್ದರಿಂದ ಎರಡೂ ಕಡೆ ಹೊಲಿಗೆಯ ಅಡ್ಡಗೆರೆಗಳು ಅಚ್ಚೊತ್ತಿದ್ದವು. ಕೆಳತುದಿ ಮೇಲ್ದುಟಿಯನ್ನು ಸ್ವಲ್ಪ ಮೇಲಕ್ಕೆಳೆದಿದ್ದರಿಂದ ಆಕೆ ಸುಮ್ಮನೆ ಕೂತಾಗಲೂ ಯಾರನ್ನೋ ಹಳಿಯುತ್ತಿರುವಂತೆ ಕಾಣುತ್ತಿದ್ದಳು.

ಏನಾಯಿತೆಂದು ಮರಾಠಿಯಲ್ಲಿ ಕೇಳಿದೆ. ಗಿರಣಿಯ ಪಟ್ಟಾ, ಮೋಟರಿನ ಬೆಲ್ಟು, ಹರಿದು ಬಡಿಯಿತೆಂದು ಮರಾಠಿಯಲ್ಲೇ ಹೇಳಿದಳು. ಕೇಸ್ ಪೇಪರಿನಲ್ಲಿದ್ದ ಅಡ್ಡಹೆಸರು ನಮ್ಮ ಉತ್ತರ ಕರ್ನಾಟಕದ ಕಡೆಯದಾಗಿ ಕಂಡಿದ್ದರಿಂದ ಕನ್ನಡಕ್ಕೆ ಹೊರಳಿದೆ.

"ಖರೇನ ಪಟ್ಟಾ ಬಡದದ್ದೇನ್ರಿ? ಇಲ್ಲಿ ಬ್ಯಾರೆ ಯಾರೂ ಇಲ್ಲ. ಯಾರರ ಹೊಡದಿದ್ರ ಹೇಳ್ರಿ."

ಆಕೆ ತಲೆಯೆತ್ತಿ ನನ್ನ ಮುಖ ನೋಡಿದಳು. ಸಿಟ್ಟು ಬಂದಂತೆ ಕಾಣಲಿಲ್ಲ.

"ನೀವೂ ಅದನ್ನ ಕೇಳಿದ್ರಿ ನೋಡ್ರಿ, ಬಾಯಾರ. ಇದಕ್ಕ ನಾ ಬಂದದ್ದು."

ಗಂಡ ಹೆಂಡತಿ ಸೇರಿ ನಡೆಸುವ ಹಿಟ್ಟಿನ ಗಿರಣಿ ಅವರದು. ಎರಡು ವರ್ಷದ ಹಿಂದೆ ಮೋಟರಿನಿಂದ ಚಕ್ರಕ್ಕೆ ಹಾಕಿದ್ದ ಪಟ್ಟಾ ಜೋಡಣೆಯ ಜಾಗದಲ್ಲಿ ಹರಿದು ಆಕೆಯ ಮುಖಕ್ಕೆ ಬೀಸಿತ್ತು. ಹತ್ತಿರದ ದವಾಖಾನೆಯಲ್ಲಿ ಹೊಲಿಗೆ ಹಾಕಿ ಮನೆಗೆ ಕಳಿಸಿದ್ದರು.

"ಜ್ವಾಳಾ ತಗೊಂಡ ಬಂದವ್ರು ದಿನಾ ಕೇಳ್ತಾರ್ರಿ. ಪಟ್ಟಾ ಹರೀತು ಅಂತೀನಿ. ಹೌದೇನು ಅಂತಾರ, ಆಮ್ಯಾಲ ತಿರುಗಿ ನಮ್ಮ ಮನಿಯವರ ಮಾರಿ ನೋಡ್ತಾರ. ಬಾಯಿಲೆ ಏನೂ ಅನ್ನೂದಿಲ್ಲ. ಅವ್ರು ಈಗ ಗಿರಣಿ ಮುಂದ ಕೂಡೂದ ಬಿಟ್ಟಾರ. ನಮ್ಮಣ್ಣಗೂ ಸಂಶೆ ಅದ. ಹೇಳಿ ಹೇಳಿ ನನಗ ಸಾಕಾಗೇದ. ಚಂದ ಕಾಣಬೇಕಂತ ಬಂದಿಲ್ರಿ. ಈ ಕಲೆ ಹೋದ್ರ ಅವರ ಮ್ಯಾಲಿನ ಕಣ್ಣು ಹೋಗ್ತಾವ."

ಬಾಗಿಲ ಗಾಜಿನಾಚೆ ಬೆಂಚಿನ ತುದಿಯಲ್ಲಿ ಗಂಡ ಚಪ್ಪಲಿ ನೋಡುತ್ತ ಕೂತಿದ್ದ. ಹೊರಗೆ ಕಳಿಸಿದ್ದರ ಅರ್ಥ ಅವನಿಗೆ ಗೊತ್ತಾಗಿತ್ತು.

ಕಲೆ ಪೂರ್ತಿ ಹೋಗುವುದಿಲ್ಲ, ಅರ್ಧದಷ್ಟು ಕಡಿಮೆಯಾಗಬಹುದು ಎಂದು ಹೇಳಿದೆ. ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ, ಎಲ್ಲರೂ ತಲೆಯಾಡಿಸಿ ಪೂರ್ತಿ ಹೋಗುತ್ತದೆ ಎಂದೇ ತಿಳಿದು ಏಳುತ್ತಿದ್ದರು. ಆ ವರ್ಷಗಳಲ್ಲಿ ನನಗೆ ಬರುತ್ತಿದ್ದ ಆಯಾಸದಲ್ಲಿ ಮುಕ್ಕಾಲು ಪಾಲು ಇದರದೇ. ಕೆಲಸ ಭಾರ ಅನಿಸುತ್ತಿರಲಿಲ್ಲ. ಜನ ನನ್ನ ಮಾತಿನಲ್ಲಿ ತಮಗೆ ಬೇಕಾದ ಅರ್ಧವನ್ನಷ್ಟೇ ಕೇಳಿಸಿಕೊಳ್ಳುವುದು ಭಾರವಾಗಿತ್ತು. ಆಕೆ ಮಾತ್ರ, "ಅರ್ಧಾ ಆದ್ರೂ ಆಗಲ್ರಿ," ಎಂದಳು.

ನಮ್ಮಲ್ಲಿದ್ದದ್ದು ಇಂಗಾಲದ ಡೈಆಕ್ಸೈಡ್ ಲೇಸರ್. ಕಪಾಟಿನಷ್ಟೆತ್ತರದ ಪೆಟ್ಟಿಗೆ, ಅದರಿಂದ ಹೊರಟ ಮಡಚುವ ಲೋಹದ ತೋಳು, ತೋಳಿನ ಕೀಲುಗಳಲ್ಲಿ ಕನ್ನಡಿಗಳು. ಕಿರಣ ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಬೀಳುತ್ತದೆಂದು ತೋರಿಸಲು ಒಂದು ಕೆಂಪು ಚುಕ್ಕೆ ಮಾತ್ರ. ಕಾಲಿನ ಪೆಡಲ್ ಒತ್ತಿದರೆ ಚರ್ಮದ ಮೇಲಿನ ತೆಳುಪದರ ನೀರಿನಂಶದೊಂದಿಗೆ ಆವಿಯಾಗಿ ಹೋಗುತ್ತದೆ. ಕೆಳಗಿನ ಪದರಕ್ಕೆ ಬಿಸಿ ತಾಕಿ ಹೊಸ ಚರ್ಮ ಬೆಳೆಯುವಾಗ ತಗ್ಗು ತುಂಬಿ ಉಬ್ಬು ಇಳಿಯುತ್ತದೆ. ಎಷ್ಟು ಶಕ್ತಿ, ಎಷ್ಟು ಸಲ ಎಂಬುದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿತ್ತು. ಪುಸ್ತಕದ ಫೋಟೋಗಳಲ್ಲಿದ್ದವರೆಲ್ಲ ಬಿಳಿಯ ಚರ್ಮದವರು. ಕಂದು ಚರ್ಮಕ್ಕೆ ಎಚ್ಚರಿಕೆ ಬೇಕು ಎಂಬ ಒಂದು ಸಾಲು ಕೊನೆಯ ಪುಟಗಳಲ್ಲೆಲ್ಲೋ ಇತ್ತು. ಎಷ್ಟು ಎಚ್ಚರಿಕೆ ಎಂದು ಬರೆದಿರಲಿಲ್ಲ.

ಮೊದಲು ನಾಲ್ಕು ವಾರ ಬಣ್ಣ ತಿಳಿಯಾಗಿಸುವ ಮುಲಾಮು ಹಚ್ಚಿಸಿ ಚರ್ಮವನ್ನು ತಯಾರು ಮಾಡಬೇಕೆಂದುಕೊಂಡಿದ್ದೆ. ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರು, ಎರಡು ವಾರ ಸಾಕು, ಪುಸ್ತಕದ ಪ್ರಕಾರ ಮಾಡಿ ಎಂದರು. ನಾನು ವಾದಿಸಲಿಲ್ಲ. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಪೆಡಲಿನ ಮೇಲಿದ್ದದ್ದು ನನ್ನ ಕಾಲು.

ಡಿಸೆಂಬರಿನ ಒಂದು ಮಧ್ಯಾಹ್ನ ಮಾಡಿದೆವು. ಒಂದು ಗಂಟೆ ಮರಗಟ್ಟಿಸುವ ಮುಲಾಮು ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟು, ಆಮೇಲೆ ಕೆನ್ನೆಯ ನರಕ್ಕೆ ಇಂಜೆಕ್ಷನ್ ಕೊಟ್ಟೆ. ಕಣ್ಣುಗಳಿಗೆ ಲೋಹದ ಕವಚ, ಕಲೆಯ ಸುತ್ತ ಒದ್ದೆ ಬಟ್ಟೆ. ಸಿಸ್ಟರ್ ಹೊಗೆ ಎಳೆಯುವ ಕೊಳವೆಯನ್ನು ಹತ್ತಿರ ಹಿಡಿದರು. ಎಷ್ಟು ಎಳೆದರೂ ಕೂದಲು ಸುಟ್ಟಂಥ ವಾಸನೆ ಮಾಸ್ಕಿನೊಳಗೆ ಬರುತ್ತಿತ್ತು. ಮೊದಲ ಸುತ್ತಿಗೆ ಚರ್ಮ ಬೆಳ್ಳಗಾಯಿತು. ಉಪ್ಪುನೀರಿನ ಬಟ್ಟೆಯಿಂದ ಒರೆಸಿ ಎರಡನೆಯ ಸುತ್ತು ಹೊಡೆದೆ. ಉಬ್ಬಿದ ಅಂಚಿನ ಮೇಲೆ ಮೂರನೆಯದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಪುಸ್ತಕ ಮೂರು ಎಂದಿದ್ದರಿಂದ ಇಡೀ ಕಲೆಗೆ ಮೂರು ಮಾಡಿದೆ.

ಹತ್ತು ದಿನಕ್ಕೆ ಹಸಿ ಆರಿ ಗುಲಾಬಿ ಚರ್ಮ ಬಂತು. ಅಡ್ಡಗೆರೆಗಳು ಮುಕ್ಕಾಲು ಮಾಯವಾಗಿದ್ದವು. ಆಕೆ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಿಸಿಲಿಗೆ ಹೋಗಬಾರದು, ಎರಡು ತಾಸಿಗೊಮ್ಮೆ ಸನ್‌ಸ್ಕ್ರೀನ್ ಹಚ್ಚಬೇಕು ಎಂದು ಬರೆದುಕೊಟ್ಟೆ.

ಆರು ವಾರಕ್ಕೆ ಬರಬೇಕಿದ್ದವಳು ಬರಲಿಲ್ಲ. ಎಂಟನೆಯ ವಾರ ಬಂದಾಗ ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಬಿಚ್ಚಿದಾಗ ಸಿಸ್ಟರ್ ಕಿಟಕಿಯ ಕಡೆ ತಿರುಗಿದರು. ಲೇಸರ್ ತಾಕಿದಷ್ಟೂ ಜಾಗ ಕಪ್ಪಾಗಿತ್ತು. ಕಲೆಗಿಂತ ಅಗಲವಾದ, ಎರಡು ಬೆರಳಗಲದ ಕಪ್ಪು ಪಟ್ಟಿ. ಮುಂಚೆ ಅದು ಹಳೆಯ ಗಾಯದಂತಿತ್ತು. ಈಗ ನಿನ್ನೆಯೋ ಮೊನ್ನೆಯೋ ಹೊಡೆತ ಬಿದ್ದು ರಕ್ತ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು.

"ಸಂಕ್ರಾಂತಿಗೆ ನಮ್ಮಣ್ಣ ಕುಸುರೆಳ್ಳು ತಗೊಂಡ ಬಂದಿದ್ದಾ," ಎಂದಳು. ಅಣ್ಣ ಬೆಳಗಾವಿ ಕಡೆಯ ಹಳ್ಳಿಯಲ್ಲಿರುವವನು. "ನನ್ನ ಮಾರಿ ನೋಡಿ ಡಬ್ಬಿ ಕೆಳಗ ಇಟ್ಟಾ. ಸೀದಾ ಗಿರಣಿಯೊಳಗ ಹೋಗಿ ಇವರ ಕಾಲರ್ ಹಿಡದಾ. ಮತ್ತ ಹೊಡದೀ ಏನು ಅಂದಾ. ಹಿಟ್ಟ ಬೀಸಾಕ ಬಂದ ಮಂದಿ ಎಲ್ಲಾ ನೋಡಿದ್ರು."

"ನಿಮ್ಮ ಮನಿಯವರು ಏನಂದ್ರು?"

"ಏನೂ ಅನ್ಲಿಲ್ರಿ. ಅವ್ರು ಯಾವಾಗ ಅಂತಾರ. ಅಣ್ಣಗ ದವಾಖಾನಿ ಕಾಗದಾ ತೋರಸ್ಲಿಕ್ಕೆ ಹೋದೆ. ಇಂಗ್ಲಿಷ್ ಒಳಗ ಏನರ ಬರಸಬಹುದು ಅಂದು ಹೋಗಿಬಿಟ್ಟಾ."

ಆ ಮಧ್ಯಾಹ್ನ ದೊಡ್ಡ ಡಾಕ್ಟರಿಗೆ ಫೈಲು ತೋರಿಸಿದೆ. ಅವರು ಕನ್ನಡಕ ತೆಗೆದು, ಬಿಸಿಲಿಗೆ ಹೋಗಿರಬೇಕು, ಸೂಚನೆ ಪಾಲಿಸಿಲ್ಲವೆಂದು ಬರೆದುಬಿಡಿ ಎಂದು ಮರಾಠಿಯಲ್ಲಿ ಹೇಳಿದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಗಿರಣಿಯ ಬಾಗಿಲು ಪಶ್ಚಿಮಕ್ಕಿತ್ತು. ಆಕೆ ಹಚ್ಚಿಕೊಂಡ ಸನ್‌ಸ್ಕ್ರೀನ್ ಮೇಲೆ ಹಿಟ್ಟು ಕೂತು ಕಣಕದಂತಾಗುತ್ತಿತ್ತು, ತೊಳೆದುಬಿಡುತ್ತಿದ್ದಳು. ಆದರೆ ಆಕೆ ಗಿರಣಿಯವಳೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಮಹಲಿನೊಳಗೆ ಕೂತವರಿಗೆ ಹೇಳುವ ಸೂಚನೆಯನ್ನೇ ಬರೆದುಕೊಟ್ಟಿದ್ದೆ.

ಫೈಲಿನಲ್ಲಿ ಬರೆದೆ: ಶಕ್ತಿ ಹೆಚ್ಚಾಗಿತ್ತು, ಮೂರನೆಯ ಸುತ್ತು ಅನಗತ್ಯವಾಗಿತ್ತು, ಪೂರ್ವತಯಾರಿ ಸಾಲಲಿಲ್ಲ. ಸಹಿ ಹಾಕಿ ಆಕೆಯನ್ನು ಒಳಗೆ ಕರೆದು ಅದನ್ನೇ ಕನ್ನಡದಲ್ಲಿ ಹೇಳಿದೆ. ಈ ಸಲ ಗಂಡನನ್ನೂ ಕೂರಿಸಿಕೊಂಡಿದ್ದೆ.

"ತಪ್ಪು ನಂದು," ಎಂದೆ. "ಈ ಕಪ್ಪು ಇಳೀತದ, ಆದ್ರ ತಿಂಗಳಗಟ್ಟಲೆ ಬೇಕು. ಅಲ್ಲೀತನಕಾ ಲೇಸರ್ ಮುಟ್ಟಸೂದಿಲ್ಲ."

ಆಕೆ ಅಳುತ್ತಾಳೆ, ಇಲ್ಲವೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಆಕೆ ಗಂಡನ ಕಡೆ ನೋಡಿದಳು. ಅವನು ಮೊದಲ ಬಾರಿಗೆ ನನ್ನೊಡನೆ ಮಾತಾಡಿದ.

"ಪಟ್ಟಾ ಹಳೇದಾಗಿತ್ರಿ. ಜೋಡಣಿ ಬಿಟ್ಟದ್ದು ನನಗ ಕಂಡಿತ್ತು. ಸುಗ್ಗಿ ಮುಗೀಲಿ, ಆಮ್ಯಾಲ ಹೊಸಾದು ಹಾಕಿದ್ರ ಆತು ಅಂತ ಬಿಟ್ಟೆ. ಮಂದಿ ನಾ ಹೊಡದೀನಿ ಅಂತಾರ. ಒಂದ ಲೆಕ್ಕಕ್ಕ ಖರೆ ಅದ ಅಲ್ರೀ."

"ಇದನ್ನ ಅನಬ್ಯಾಡ್ರಿ ಅಂತ ಎಷ್ಟ ಸಲ ಹೇಳೀನಿ," ಎಂದಳು ಆಕೆ, ನೆಲ ನೋಡುತ್ತ.

ಅಣ್ಣನ ಎದುರು ಅವನು ಯಾಕೆ ಬಾಯಿ ಬಿಡಲಿಲ್ಲವೆಂದು ಆಗ ತಿಳಿಯಿತು.

ಮರುವಾರ ನಾನು ಒಂದು ನಿರ್ಧಾರಕ್ಕೆ ಬಂದೆ. ಪುಸ್ತಕದ ಅಂಕಿಗಳನ್ನು ಬದಿಗಿಟ್ಟು ನಮ್ಮ ಚರ್ಮಕ್ಕೆ ಎಷ್ಟು ಹಿಡಿಸುತ್ತದೆಂದು ತಿಳಿಯುವವರೆಗೆ ಯಾರ ಮುಖದ ಮೇಲೂ ಆ ಯಂತ್ರವನ್ನು ಹಿಡಿಯುವುದಿಲ್ಲ ಎಂದು ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಹದಿನೈದು ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ನನ್ನ ಎಡ ಮುಂಗೈಯ ಒಳಭಾಗಕ್ಕಿಂತ ಹೊರಭಾಗಕ್ಕೆ ಬಿಸಿಲು ಹೆಚ್ಚು ತಾಕುವುದರಿಂದ ಅಲ್ಲೇ ಆರು ಚುಕ್ಕೆ ಗುರುತು ಮಾಡಿಕೊಂಡೆ. ಒಂದೊಂದಕ್ಕೂ ಒಂದೊಂದು ಶಕ್ತಿ. ಮೂರಕ್ಕೆ ಒಂದೇ ಸುತ್ತು, ಮೂರಕ್ಕೆ ಎರಡು. ಸಿಸ್ಟರ್ ಬೇಡ ಡಾಕ್ಟರ್ ಎನ್ನುತ್ತಲೇ ಹೊಗೆಯ ಕೊಳವೆ ಹಿಡಿದರು. ವಾರಕ್ಕೊಮ್ಮೆ ಕಿಟಕಿಯ ಹತ್ತಿರ ನಿಂತು ಒಂದೇ ಬೆಳಕಿನಲ್ಲಿ ಫೋಟೋ ತೆಗೆದೆವು. ಎಂಟು ವಾರಕ್ಕೆ ನಾಲ್ಕು ಚುಕ್ಕೆ ಕಪ್ಪಾದವು. ಒಂದೇ ಸುತ್ತಿನವುಗಳಲ್ಲಿ ಕಡಿಮೆ ಶಕ್ತಿಯ ಎರಡು ಮಾತ್ರ ನನ್ನ ಬಣ್ಣಕ್ಕೇ ಮರಳಿದವು. ಎರಡರದೂ ಪುಸ್ತಕ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಶಕ್ತಿ. ಆಕೆಯ ಕೆನ್ನೆಗೆ ಹೋಗುವ ಮೊದಲು ಮಾಡಬೇಕಿದ್ದ ಕೆಲಸವನ್ನು ನಾನು ಆಮೇಲೆ ಮಾಡಿದ್ದೆ.

ಆಕೆ ತಿಂಗಳಿಗೊಮ್ಮೆ ಬಂದಳು. ಶಿರೂರಿನಿಂದ ಬಸ್ಸಿನಲ್ಲಿ ಬಂದು, ಖರಾಡಿಯ ಹತ್ತಿರ ರಸ್ತೆ ಅಗೆದಿದ್ದ ಕಡೆ ಗಂಟೆಗಟ್ಟಲೆ ನಿಂತು, ಹನ್ನೊಂದಕ್ಕೆ ತಲುಪಬೇಕಾದವಳು ಒಂದಕ್ಕೆ ಬಂದು ಕೂರುತ್ತಿದ್ದಳು. ರಾತ್ರಿ ಹಚ್ಚುವ ಮುಲಾಮು ಬದಲಿಸಿದೆ. ಹಗಲಿಗೆ ಸನ್‌ಸ್ಕ್ರೀನ್ ಬಿಟ್ಟು ಎರಡು ಮಡಿಕೆಯ ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಮಧ್ಯಾಹ್ನದ ಮೇಲೆ ಗಿರಣಿಯ ಒಳಗಿನ ಕೆಲಸ ಮಾಡಿ ಎಂದೆ. ಮಾಡಲು ಬೇರೇನೂ ಇರಲಿಲ್ಲ. ನೋಡುವುದು, ಫೋಟೋ ತೆಗೆಯುವುದು, ಮುಂದಿನ ತಿಂಗಳು ಬರ್ರಿ ಅನ್ನುವುದು. ಎಷ್ಟೋ ಸಲ ಆಕೆಯ ಹೆಸರು ಪಟ್ಟಿಯಲ್ಲಿ ಕಂಡರೆ ಮೊದಲು ಬೇರೆ ನಾಲ್ವರನ್ನು ಕರೆಯುತ್ತಿದ್ದೆ. ಆಕೆಗೆ ಅದು ಗೊತ್ತಾಗಿತ್ತೋ ಏನೋ, ಒಮ್ಮೆಯೂ ತಕರಾರು ಮಾಡಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪು ಇಳಿಯಿತು. ಉಳಿದದ್ದು ಹಳೆಯ ತಗ್ಗು, ತುಟಿಯ ಎಳೆತ, ಮತ್ತು ಬಾಯಿಯ ಮೂಲೆಗಿಂತ ಒಂದು ಬೆರಳು ಮೇಲೆ ಜೋಳದ ಕಾಳಿನಷ್ಟು ಒಂದು ನೀಲಿಗಪ್ಪು ಚುಕ್ಕೆ. ಅದು ಮಾತ್ರ ಏನು ಹಚ್ಚಿದರೂ ಮಾಸಲಿಲ್ಲ. ಹಳೆಯ ಫೋಟೋ ತೆಗೆದು ನೋಡಿದರೆ ಅದು ಮೊದಲ ದಿನವೂ ಇತ್ತು. ನಾನು ಅದನ್ನು ಕಲೆಯ ಬಣ್ಣವೆಂದೇ ತಿಳಿದು ಅದರ ಮೇಲೂ ಮೂರು ಸುತ್ತು ಹೊಡೆದಿದ್ದೆ.

ಸರಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದ, ವಿಜಯಪುರ ಕಡೆಯ ಒಬ್ಬ ಹಿರಿಯರು ನನಗೆ ಪರಿಚಯವಿದ್ದರು. ಅವರ ಬಳಿಗೆ ಕರೆದೊಯ್ದೆ. ನಾನು ಫೈಲು ಬಿಚ್ಚಿ ವಿವರಿಸತೊಡಗಿದೆ. ಅವರು ಕೇಳಿಸಿಕೊಳ್ಳುತ್ತಲೇ ಕೈ ತೊಳೆದು ಬಂದು, ಒಂದು ಬೆರಳನ್ನು ಆಕೆಯ ಬಾಯಿಯೊಳಗೆ ಕೆನ್ನೆಗೆ ಇಟ್ಟು, ಹೆಬ್ಬೆರಳನ್ನು ಹೊರಗಿಟ್ಟು ಆ ಚುಕ್ಕೆಯನ್ನು ಮೆಲ್ಲಗೆ ಒತ್ತಿದರು.

"ಲೇಸರಿನ ಕಪ್ಪಲ್ಲ ಇದು. ಒಳಗ ಏನೋ ಅದ. ನೀ ಬೆರಳಲೆ ಒಮ್ಮೆ ಮುಟ್ಟಿ ನೋಡೀಯೇನು?"

ನೋಡಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದ್ದೆ, ಹತ್ತಾರು ಫೋಟೋ ತೆಗೆದಿದ್ದೆ. ಬೆರಳಿಟ್ಟು ಒತ್ತಿರಲಿಲ್ಲ. ಅವರು ನನ್ನ ಬೆರಳನ್ನೇ ಹಿಡಿದು ಆ ಜಾಗಕ್ಕೆ ಇಟ್ಟರು. ಚರ್ಮದ ಕೆಳಗೆ ಗಟ್ಟಿಯಾದದ್ದು ಒಂದು ಜಾರಿತು.

ಇಡೀ ಕಲೆಯನ್ನೇ ಕತ್ತರಿಸಿ ತೆಗೆದು, ಅಂಚುಗಳನ್ನು ಸಡಿಲಿಸಿ, ತುಟಿಯ ಎಳೆತ ಬಿಡಿಸಿ ಸಣ್ಣ ದಾರದಲ್ಲಿ ಹೊಸದಾಗಿ ಹೊಲಿಯುವುದು. ಎರಡು ತಿಂಗಳ ನಂತರ ಬೇಕಾದರೆ ಹಗುರವಾಗಿ ಲೇಸರ್. ಅವರು ಹೇಳಿದ ಈ ಕ್ರಮಕ್ಕೆ ನಾನು ಒಪ್ಪಿದೆ. ಒಪ್ಪುವುದೆಂದರೆ ನಾನು ಇಡೀ ವರ್ಷ ಹಿಂದುಮುಂದಾಗಿ ನಡೆದಿದ್ದೆನೆಂದು ಒಪ್ಪುವುದೂ ಆಗಿತ್ತು. ಆಕೆಗೆ ಮತ್ತೊಮ್ಮೆ ಎಲ್ಲ ಬಿಡಿಸಿ ಹೇಳಿದೆ. ಮತ್ತೆ ಕತ್ತರಿ, ಮತ್ತೆ ಹೊಲಿಗೆ.

"ನೀವು ಅಲ್ಲೇ ಇರ್ತೀರೇನ್ರಿ?" ಎಂದು ಕೇಳಿದಳು.

"ಇರ್ತೀನಿ."

"ಹಂಗಿದ್ರ ಆಗಲ್ರಿ."

ಆಕೆಗೆ ಎಚ್ಚರವಿರುವಂತೆಯೇ, ಕೆನ್ನೆಯನ್ನಷ್ಟೇ ಮರಗಟ್ಟಿಸಿ ಮಾಡಿದರು. ನಾನು ತಲೆಯ ಪಕ್ಕ ನಿಂತು ಆಕೆಯ ಗದ್ದ ಹಿಡಿದಿದ್ದೆ. ಸರ್ಜನ್ನರು ಕಲೆಯ ಕೆಳತುದಿ ಎತ್ತಿದಾಗ ಬಿಳಿ ನಾರಿನ ಗಂಟೊಂದು ಕಂಡಿತು. ಅದನ್ನು ಸೀಳಿ ಚಿಮಟಿಯಿಂದ ಎಳೆದು ಬಟ್ಟಲಿಗೆ ಹಾಕಿದರು. ಕಪ್ಪು ರಬ್ಬರಿನ ಚೂರು. ಅದರ ಒಂದು ಬದಿಗೆ ದಪ್ಪ ಹತ್ತಿಬಟ್ಟೆಯ ಎರಡು ಎಳೆ. ಸುತ್ತಲಿನ ಚರ್ಮಕ್ಕೆ ರಬ್ಬರಿನ ಕಪ್ಪು ಹಚ್ಚೆಯಂತೆ ಇಳಿದಿತ್ತು. ಮೂರು ವರ್ಷ ಅದು ಅಲ್ಲಿತ್ತು.

"ತಂಗಿ, ನಿನ್ನ ಗಿರಣಿ ಪಟ್ಟಾ ಸಿಕ್ತು ನೋಡು," ಎಂದು ಸರ್ಜನ್ನರು ಬಟ್ಟಲನ್ನು ಆಕೆಯ ಕಣ್ಣ ಮುಂದೆ ಹಿಡಿದರು.

ಮುಖ ಮರಗಟ್ಟಿದ್ದರಿಂದ ಆಕೆಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಕಣ್ಣಿನ ನೀರು ಕಿವಿಯೊಳಗೆ ಹರಿಯಿತು, ನಾನು ಒರೆಸಿದೆ. ತೊದಲುತ್ತ, "ಅವರಿಗೆ ತೋರಸ್ರಿ," ಎಂದಳು.

ಬಟ್ಟಲನ್ನು ಬಾಗಿಲಿಗೆ ಒಯ್ದೆ. ಗಂಡ ಎದ್ದು ನಿಂತ. ಬಗ್ಗಿ ಬಹಳ ಹೊತ್ತು ನೋಡಿದ.

"ಹಳೇ ಪಟ್ಟಾದ್ದ ಇದು," ಎಂದ. "ಹೊಸಾದಕ್ಕ ಬಟ್ಟಿ ಇಷ್ಟ ದಪ್ಪ ಇರೂದಿಲ್ಲ." ಆಮೇಲೆ ಗೋಡೆಯ ಕಡೆ ತಿರುಗಿ ನಿಂತುಕೊಂಡ. ನಾನು ಬಟ್ಟಲು ಹಿಡಿದು ಒಳಗೆ ಹೋದೆ.

ಆ ಚೂರನ್ನು ತೊಳೆದು ಇಂಜೆಕ್ಷನ್ನಿನ ಖಾಲಿ ಸೀಸೆಗೆ ಹಾಕಿ ಕೊಡಿರೆಂದು ಆಕೆ ಕೇಳಿದಳು. ಕೊಟ್ಟೆವು. ಏನನ್ನು ಎಲ್ಲಿಂದ ತೆಗೆದದ್ದೆಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಿರೆಂದೂ ಕೇಳಿದಳು. ನಾನು ಬರೆದೆ, ಸರ್ಜನ್ನರು ಸಹಿ ಹಾಕಿದರು.

ಹೊಸ ಹೊಲಿಗೆ ಹಾಕಿದ ಒಂಬತ್ತನೆಯ ವಾರ ಲೇಸರಿಗೆ ಕರೆದೆ. ಈ ಸಲ ನಾಲ್ಕು ವಾರದ ಪೂರ್ವತಯಾರಿ ಮುಗಿದಿತ್ತು. ಹೊಸ ಗೆರೆಯ ಮೇಲ್ತುದಿಯಲ್ಲಿ, ಕೂದಲು ಮುಚ್ಚುವ ಜಾಗದಲ್ಲಿ ಒಂದು ಚುಕ್ಕೆ ಮಾತ್ರ ಮಾಡಿ ಆರು ವಾರ ಕಾದೆ. ಕಪ್ಪಾಗಲಿಲ್ಲ. ಆಮೇಲೆ ಗೆರೆಯ ಉದ್ದಕ್ಕೂ ಅದೇ ಕಡಿಮೆ ಶಕ್ತಿಯಲ್ಲಿ ಒಂದು ಸುತ್ತು. ಮೊಣಕೈಯನ್ನು ದಿಂಬಿಗೆ ಒತ್ತಿ ಹಿಡಿದಿದ್ದೆ. ನಾಲ್ಕು ನಿಮಿಷದ ಕೆಲಸ. ಮುಗಿದ ಮೇಲೆ ಸ್ಟೂಲಿನ ಮೇಲೆ ಕೂತೇ ಮುಂದಿನ ಸೂಚನೆ ಬರೆದೆ.

ಆರು ವಾರ ಕಳೆದವು, ಎಂಟು ಕಳೆದವು. ಕೆನ್ನೆ ಕೆನ್ನೆಯ ಬಣ್ಣಕ್ಕೇ ಉಳಿಯಿತು. ತುಟಿ ತನ್ನ ಜಾಗಕ್ಕೆ ಇಳಿದಿತ್ತು. ತಗ್ಗು ತುಂಬಿತ್ತು. ಉಳಿದದ್ದು ಒಂದು ತೆಳ್ಳನೆಯ ಗೆರೆ, ಹತ್ತಿರ ಬಂದವರಿಗಷ್ಟೇ ಕಾಣುವಂಥದ್ದು. ಇನ್ನೆರಡು ಸಲ ಮಾಡಿದರೆ ಅದೂ ಮಸುಕಾಗುತ್ತದೆ ಎಂದು ನನ್ನ ಲೆಕ್ಕ. ನಿಜ ಹೇಳಬೇಕೆಂದರೆ ಆ ಗೆರೆ ಹೋಗಬೇಕೆಂಬ ಹಟ ಆಕೆಗಿಂತ ನನಗೆ ಹೆಚ್ಚಾಗಿತ್ತು. ಆಕೆ ಬರುವ ಮೊದಲೇ ಯಂತ್ರವನ್ನು ಚಾಲೂ ಮಾಡಿಸಿ ಇಟ್ಟಿದ್ದೆ.

ಆಕೆ ಸೆರಗನ್ನು ಹೆಗಲ ಮೇಲೆ ಹೊದ್ದು, ಮುಖ ಬಿಟ್ಟುಕೊಂಡೇ ಬಂದಳು. ಕುರ್ಚಿಯಲ್ಲಿ ಕೂತು, "ಸಾಕ್ರಿ ಬಾಯಾರ. ಇನ್ನ ಬ್ಯಾಡ," ಎಂದಳು.

"ಇನ್ನ ಎರಡ ಸಲ ಅಷ್ಟ. ಗೆರಿ ಭಾಳ ಸಣ್ಣ ಆಗ್ತದ."

"ಇರಲ್ರಿ ಗೆರಿ. ಅದನ್ನ ನೋಡಿ ಈಗ ಯಾರೂ ಇವರ ಮಾರಿ ನೋಡೂದಿಲ್ಲ."

ಅಣ್ಣ ಬಂದಿದ್ದನೇ ಎಂದು ಕೇಳಿದೆ.

"ನಾನ ಕರಿಸಿದ್ದೆ. ಸೀಸೆ ಕೈಯಾಗ ಕೊಟ್ಟೆ, ಚೀಟಿ ಓದು ಅಂದೆ. ಎರಡ ಸಲ ಓದಿದಾ. ಗಿರಣಿಯೊಳಗ ಹೋಗಿ ಮೂಲ್ಯಾಗಿದ್ದ ಹಳೇ ಪಟ್ಟಾದ ತುಂಡಿಗೆ ಹಚ್ಚಿ ನೋಡಿದಾ."

"ಮಾಫಿ ಕೇಳಿದ್ನೇನು?"

"ಇಲ್ರಿ. ಅವಾ ಎಲ್ಲಿ ಕೇಳ್ತಾನ. ಅವತ್ತ ಊಟಕ್ಕ ಕೂತ್ರು, ಇಬ್ರೂ ಬಾಜೂಕ. ನಾ ರೊಟ್ಟಿ ತಗೊಂಡ ಅಣ್ಣನ ತಾಟಿಗೆ ಹಾಕಾಕ ಹೋದೆ. ತಾಟಿನ ಮ್ಯಾಲ ಕೈ ಅಡ್ಡಾ ಹಿಡದಾ. ನಿಮ್ಮ ಮನಿಯವರಿಗೆ ಮೊದಲ ಬಡಸು ಅಂದಾ."

ಯಂತ್ರ ಆರಿಸಲು ಸಿಸ್ಟರ್‌ಗೆ ಹೇಳಿ, ನಾನು ಆಕೆಯ ಜೊತೆ ಬಾಗಿಲವರೆಗೆ ನಡೆದೆ.